ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕಾ, ಬೇಡ್ವಾ?

ನಿಮ್ಮ ತಂದೆಗೆ ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆಗಿದೆ, ಎನ್2 ಗ್ರಂಥಿಗಳಲ್ಲೂ (ಎದೆಯ ನಡುಭಾಗದ ದುಗ್ಧರಸ ಗ್ರಂಥಿಗಳು) ಕ್ಯಾನ್ಸರ್ ಸಿಕ್ಕಿದೆ, ಒಬ್ಬ ಡಾಕ್ಟರ್ ರೇಡಿಯೇಷನ್ ಬೇಕು, ಇನ್ನೊಬ್ಬರು ಬೇಡ ಅಂತಾರೆ ಎಂದಿದ್ದೀರಿ. ಇದಕ್ಕೆ ಕಾರಣ ಬಹುಶಃ ಲಂಗ್ ಆರ್ಟ್ ಎಂಬ ಅಧ್ಯಯನ; ಇಂಥ ರೋಗಿಗಳಲ್ಲಿ ಆಪರೇಷನ್ ನಂತರ ರೇಡಿಯೇಷನ್ ಪಡೆದವರನ್ನೂ ಪಡೆಯದವರನ್ನೂ ಅದು ಹೋಲಿಸಿತು. 501 ಜನರಿದ್ದ ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 3 ವರ್ಷ ರೋಗ ಮರಳದೆ ಬದುಕಿದ್ದವರು ರೇಡಿಯೇಷನ್ ಪಡೆದವರಲ್ಲಿ ಶೇ. 47, ಪಡೆಯದವರಲ್ಲಿ ಶೇ. 44. ಹೃದಯ, ಶ್ವಾಸಕೋಶದ ತೊಂದರೆ ಮಾತ್ರ ಪಡೆದವರಲ್ಲೇ ಜಾಸ್ತಿ.

ಮೊದಲು ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟಿನಲ್ಲಿ ‘ಮಾರ್ಜಿನ್’ (ಕತ್ತರಿಸಿದ ಭಾಗದ ಅಂಚು) ಸಾಲು ನೋಡಿ. ನಮ್ಮ ಅಮ್ಮನ ರಿಪೋರ್ಟಿನಲ್ಲಿ ಅದು ಮೂರನೇ ಪುಟದ ಕೊನೆಗಿತ್ತು, ನಾವು ಗಮನಿಸಿರಲೇ ಇಲ್ಲ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ. ಅಂಚು ಶುದ್ಧವಿದ್ದರೆ ಎಲ್ಲರಿಗೂ ಬೇಕಿಲ್ಲ. ಕ್ಯಾನ್ಸರ್ ಗ್ರಂಥಿಯ ಹೊರಪದರ ದಾಟಿದ್ದರೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಆಮೇಲೆ ಇಜಿಎಫ್‌ಆರ್, ಎಎಲ್‌ಕೆ ಟೆಸ್ಟ್ (ಯಾವ ಔಷಧಿ ಹೊಂದುತ್ತದೆ ಎಂದು ತಿಳಿಯಲು ಕ್ಯಾನ್ಸರಿನ ಜೀನ್‌ಗಳ ಪರೀಕ್ಷೆ) ಆಗಿದೆಯಾ ಕೇಳಿ, ದಯವಿಟ್ಟು ಇದನ್ನು ಬಿಡಬೇಡಿ. ಕೊನೆಗೆ, ರೇಡಿಯೇಷನ್ ಬೇಕು ಅಂದವರನ್ನು ಹೃದಯಕ್ಕೆ ಎಷ್ಟು ಡೋಸ್ ಬೀಳುತ್ತೆ ಅಂತ ನೇರವಾಗಿ ಕೇಳಿ.