300 ಜೋಡಿ ಪದ ಆಮೇಲೆ, ಮೊದಲು ‘ಅನುಮಾನ’ ಬಿಡಿಸಿಕೊಳ್ಳಿ

ಇಂಗ್ಲಿಷಲ್ಲಿ ಒಂದಕ್ಕೊಂದು ಗೊಂದಲ ಮಾಡೋ 300 ಜೋಡಿ ಪದಗಳ ಪಟ್ಟಿ ಬಾಯಿಪಾಠ ಮಾಡಿದರೆ, ವಿದೇಶಿ ಗ್ರಾಹಕರಿಗೆ ಮೇಲ್ ಬರೆಯೋ ಕೆಲಸಕ್ಕೆ ಸಾಕಾಗುತ್ತಾ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಪಟ್ಟಿ ಉರು ಹೊಡೆದು ಕೆಲಸಕ್ಕೆ ಸೇರಿದವನು. ಅಫೆಕ್ಟ್ ಯಾವುದು, ಎಫೆಕ್ಟ್ ಯಾವುದು, ಎಲ್ಲ ಗೊತ್ತಿತ್ತು. ಆದರೂ ನಾನು ಬರೆದ ಒಂದು ಪದದಿಂದ ದೊಡ್ಡ ನಷ್ಟ ಆಯ್ತು.

2011ನೇ ಇಸವಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯೋ ಕಾರ್ಖಾನೆ. ನಾನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನಾವು ಎರಕ ಹೊಯ್ದ 120 ಪಂಪ್ ಬಾಡಿ (ಪಂಪಿನ ಹೊರಕವಚ) ಆಗಲೇ ಹೊರದೇಶದ ಗ್ರಾಹಕರನ್ನು ತಲುಪಿದ್ದವು. ಅದೇ ಹೀಟ್‌ನ (ಒಂದೇ ಸಲ ಕರಗಿಸಿದ ಲೋಹದ) 8 ಪೀಸ್ ನಮ್ಮಲ್ಲಿ ಉಳಿದಿದ್ದವು. ಯಾಕೋ ಸಮಾಧಾನ ಆಗಲಿಲ್ಲ, ಅವಕ್ಕೆ ಡೈ ಪೆನಿಟ್ರೆಂಟ್ ಟೆಸ್ಟ್, ಅಂದರೆ ಬಣ್ಣ ಬಳಿದು ಸಣ್ಣ ಬಿರುಕು ಹುಡುಕೋ ಪರೀಕ್ಷೆ, ಮಾಡಿದೆ. ಕೆಂಪು ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಬಿಳಿ ಡೆವಲಪರ್ ಸ್ಪ್ರೇ ಮಾಡಿದೆ. ಫ್ಲ್ಯಾಂಜ್ (ಪೈಪಿಗೆ ಜೋಡಿಸಲು ಇರೋ ಅಗಲ ಅಂಚು) ಬಾಡಿಗೆ ಸೇರುವ ಮೂಲೆಯಲ್ಲಿ, ಆ ಬಿಳಿಯ ಮೇಲೆ, ಕೂದಲಿನಂಥ ಕೆಂಪು ಗೆರೆ ನಿಧಾನಕ್ಕೆ ಮೂಡಿತು. 8ರಲ್ಲಿ 3 ಪೀಸ್‌ಗೆ ಹೀಗೇ ಆಯ್ತು.

ಅವತ್ತೇ ಗ್ರಾಹಕರ ಎಂಜಿನಿಯರ್‌ಗೆ ಮೇಲ್ ಹಾಕಿದೆ: ‘ಐ ಡೌಟ್ ದಟ್ ದೀಸ್ ಕಾಸ್ಟಿಂಗ್ಸ್ ಹ್ಯಾವ್ ಕ್ರ್ಯಾಕ್ಸ್ ನಿಯರ್ ದ ಫ್ಲ್ಯಾಂಜ್.’ ನನ್ನ ತಲೆಯಲ್ಲಿದ್ದದ್ದು ‘ಬಿರುಕು ಇದೆ ಅಂತ ಅನುಮಾನ’. ಅವರು ಓದಿಕೊಂಡದ್ದು ‘ಬಿರುಕು ಇರಲಿಕ್ಕಿಲ್ಲ’. ಥ್ಯಾಂಕ್ಸ್ ಅಂತ ಒಂದು ಸಾಲಿನ ಉತ್ತರ ಬಂತು. ಕೆಲಸ ನಿಲ್ಲಿಸಿದ್ದಾರೆ ಅಂದುಕೊಂಡು ನಾನು ಸುಮ್ಮನಾದೆ. ಅವರು ಎಲ್ಲ ಪೀಸ್‌ಗೂ ಮಷೀನಿಂಗ್ ಮಾಡಿದರು, ಅಂದರೆ ಯಂತ್ರದಲ್ಲಿ ಕೊರೆದು ಅಳತೆಗೆ ತಂದರು. ಪ್ರೆಶರ್ ಟೆಸ್ಟ್‌ಗೆ ಇಟ್ಟಾಗ ನೀರು ಜಿನುಗಿತು. ಎರಕದ ದುಡ್ಡು ಹೋಯ್ತು, ಅವರ ಮಷೀನಿಂಗ್ ಖರ್ಚೂ ಡೆಬಿಟ್ ನೋಟ್ (ನಮ್ಮ ಲೆಕ್ಕಕ್ಕೆ ಹಾಕಿದ ಚೀಟಿ) ಆಗಿ ನಮ್ಮ ಮೇಲೇ ಬಂತು.

ಆ ವಾಕ್ಯವನ್ನು ನಾನು ಅದೆಷ್ಟು ಸಲ ಓದಿದ್ದೇನೋ. ‘ಡೌಟ್’ ಅಂದರೆ ಮನಸ್ಸು ‘ಇಲ್ಲ’ದ ಕಡೆ ವಾಲಿದೆ ಅಂತ. ‘ಸಸ್ಪೆಕ್ಟ್’ ಅಂದರೆ ‘ಇದೆ’ಯ ಕಡೆ ವಾಲಿದೆ ಅಂತ. ಎರಡೂ ಎದುರುಬದುರು ದಿಕ್ಕು. ಕನ್ನಡದಲ್ಲಿ ಎರಡಕ್ಕೂ ಅನುಮಾನ ಅಂತಲೇ ಅನ್ನುತ್ತೇವೆ. ಹಾಗಂತ ನಮಗೆ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ‘ಅವನು ಬರ್ತಾನೋ ಇಲ್ವೋ ಅನುಮಾನ’ ಅಂದರೆ ಒಂದು, ‘ಅವನೇ ಕದ್ದಿದ್ದಾನೆ ಅಂತ ಅನುಮಾನ’ ಅಂದರೆ ಇನ್ನೊಂದು. ನಾವು ‘ಓ’, ‘ಅಂತ’ ಹಾಕಿ ದಿಕ್ಕು ತೋರಿಸುತ್ತೇವೆ, ಅನುಮಾನ ಹಾಗೇ ಇರುತ್ತೆ. ಇಂಗ್ಲಿಷಲ್ಲಿ ಕ್ರಿಯಾಪದವನ್ನೇ ಬದಲಾಯಿಸಬೇಕು. ನಾನು ‘ಅಂತ’ದ ಜಾಗಕ್ಕೆ ‘ದಟ್’ ಹಾಕಿ, ಮುಗೀತು ಅಂದುಕೊಂಡಿದ್ದೆ.

ಮೇಲ್‌ನ ಕಾಪಿ ನಮ್ಮ ಮ್ಯಾನೇಜರಿಗೂ ಹೋಗಿತ್ತು. ಅವರಿಗೂ ತಪ್ಪು ಕಾಣಲಿಲ್ಲ. ಅವರು ಮರಾಠಿಯವರು, ಅವರ ‘ಸಂಶಯ’ವೂ ನಮ್ಮ ಅನುಮಾನದ ಹಾಗೇ ಎರಡು ಕಡೆಗೂ ನಡೆಯುತ್ತೆ. ಜೊತೆಗೆ ‘ಸರ್, ಒಂದು ಡೌಟ್’ ಅಂತ ಕ್ಲಾಸಲ್ಲಿ ಕೈ ಎತ್ತಿ ಬೆಳೆದವರು ನಾವು. ನಮಗೆ ಡೌಟ್ ಅಂದರೆ ಬರೀ ಪ್ರಶ್ನೆ. ಇನ್ನೂ ಒಂದಿದೆ. ‘3 ಪೀಸ್‌ಗೆ ಬಿರುಕಿದೆ’ ಅಂತ ನೇರ ಬರೆಯಲು ನನಗೆ ಅಂಜಿಕೆ. ‘ಡೌಟ್’ ಮೆತ್ತಗಿನ ಪದ, ಮರ್ಯಾದೆಯ ಪದ ಅನ್ನಿಸಿತ್ತು. ಫೋಟೋ ಕೂಡ ಹಾಕಲಿಲ್ಲ. ಆ ಕೆಂಪು ಗೆರೆಯ ಒಂದು ಫೋಟೋ ಹೋಗಿದ್ದರೆ ಪದ ತಪ್ಪಿದ್ದರೂ ಅವರು ತಿರುಗಿ ಕೇಳುತ್ತಿದ್ದರು.

ಆಮೇಲೆ ಡಿಕ್ಷನರಿ ತೆಗೆದೆ. ‘ಡೌಟ್’ ಬಂದದ್ದು ಲ್ಯಾಟಿನ್‌ನ ‘ಎರಡು’ ಅನ್ನೋ ಪದದ ಬಳಗದಿಂದ, ನಮ್ಮ ‘ಎರಡು ಮನಸ್ಸು’ ಇದ್ದ ಹಾಗೆ. ‘ಸಸ್ಪೆಕ್ಟ್’ನ ಲ್ಯಾಟಿನ್ ಮೂಲದಲ್ಲಿ ‘ಕೆಳಗಿನಿಂದ ನೋಡು’ ಅನ್ನೋ ಅರ್ಥ ಇದೆ. ಓರೆಗಣ್ಣಲ್ಲಿ ನೋಡೋ ಮನುಷ್ಯ ಕಣ್ಮುಂದೆ ಬರುತ್ತಾನೆ, ಅಲ್ವಾ? ಅವತ್ತಿನಿಂದ ಇವೆರಡೂ ನನಗೆ ಅದಲು ಬದಲಾಗಿಲ್ಲ.

ಹಾಗಾಗಿ ಆ 300ರ ಪಟ್ಟಿ ಪಕ್ಕಕ್ಕಿಡಿ. ಅಫೆಕ್ಟ್-ಎಫೆಕ್ಟ್ ತಪ್ಪಿದರೆ ಓದುವವರು ಊಹೆ ಮಾಡಿಕೊಳ್ಳುತ್ತಾರೆ, ಯಾರ ದುಡ್ಡೂ ಹೋಗಲ್ಲ. ಪಟ್ಟಿಯನ್ನು ಕನ್ನಡದ ಕಡೆಯಿಂದ ನೀವೇ ಮಾಡಿ. ನಮ್ಮಲ್ಲಿ ಒಂದೇ ಇದ್ದು ಅವರಲ್ಲಿ ಎರಡು ಮೂರು ಇರೋ ಪದ ಹುಡುಕಿ. ‘ಕೇಳು’ ಒಂದೇ ಆಸ್ಕ್, ಹಿಯರ್, ಲಿಸನ್ ಮೂರೂ ಆಗುತ್ತೆ. ‘ಕೈ’ ಹ್ಯಾಂಡೂ ಹೌದು, ಆರ್ಮೂ ಹೌದು, ಆಕ್ಸಿಡೆಂಟ್ ರಿಪೋರ್ಟ್ ಬರೆಯುವಾಗ ಇದು ಸಣ್ಣ ವಿಷಯ ಅಲ್ಲ. ಕನ್ನಡವೇ ಬಿಡಿಸಿ ಹೇಳೋ ಕಡೆ ಹೆದರಬೇಡಿ. ‘ಬೈ ಫ್ರೈಡೇ’ ಅಂದರೆ ಶುಕ್ರವಾರದೊಳಗೆ, ‘ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದ ತನಕ. ಬರೆಯೋ ಮುಂಚೆ ಮನಸ್ಸಲ್ಲೇ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಸಾಕು.

ಈಗ ಹೊಸ ಹುಡುಗರು ಮೇಲ್ ಕಳಿಸುವ ಮುಂಚೆ ನನಗೆ ತೋರಿಸುತ್ತಾರೆ. ‘ಡೌಟ್’ ಕಂಡರೆ ‘ಇದೆ ಅಂತಾನೋ, ಇಲ್ಲ ಅಂತಾನೋ?’ ಅಂತ ಕೇಳುತ್ತೇನೆ. ‘ಇದೆ ಸರ್’ ಅಂದರೆ, ಎಷ್ಟು ಪೀಸ್‌ಗೆ ಇದೆ ಅಂತ ಬರೆಸಿ, ಫೋಟೋ ಹಾಕಿಸಿ, ಕೊನೆಗೆ ‘ಪ್ಲೀಸ್ ಸ್ಟಾಪ್ ಮಷೀನಿಂಗ್’ ಅಂತ ಸೇರಿಸಿಯೇ ಕಳಿಸೋದು.