ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ

(ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ: ನನಗೆ 54 ವರ್ಷ. ಆರು ತಿಂಗಳಿಂದ ಕುತ್ತಿಗೆ ನೋವು, ರಾತ್ರಿ ನಿದ್ದೆ ಇಲ್ಲ. ಥೈರಾಯ್ಡ್, ಬಿಪಿ ಮಾತ್ರೆಗಳ ಜೊತೆ ಆಸ್ಪಿರಿನ್ ಕೂಡ ತೆಗೆದುಕೊಳ್ಳುತ್ತಿದ್ದೇನೆ. ಫಿಸಿಯೋಥೆರಪಿ, ಆಯುರ್ವೇದ, ಆಹಾರ ಸಲಹೆ, ಕೌನ್ಸೆಲಿಂಗ್ ಎಲ್ಲ ಇರುವ ವೆಲ್‌ನೆಸ್ ಕ್ಲಿನಿಕ್ಕಿನಲ್ಲಿ ಮಗಳು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ಫೋನಿನಲ್ಲೇ 20 ಸಿಟಿಂಗ್‌ಗಳ ಪ್ಯಾಕೇಜ್ ಹೇಳಿದರು. ಹಣ ಕಟ್ಟಲೇ? ಏನು ತೆಗೆದುಕೊಂಡು ಹೋಗಲಿ? ಮಗಳು ಒಳಗೆ ಬರಬಹುದೇ?)

ಮಾನ್ಯರೇ,

ನಾಲ್ಕು ಜನ ತಜ್ಞರು ಒಂದೇ ಸೂರಿನಡಿ ಕೂತಿದ್ದಾರೆ ಅಂದಮಾತ್ರಕ್ಕೆ ನಿಮ್ಮ ವಿಷಯ ಪರಸ್ಪರ ಮಾತಾಡಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಹೋದ ಕೂಡಲೇ ಕೇಳಿ: ನನಗೆ ಫೈಲ್ ಒಂದೇ ತಾನೇ? ಅದನ್ನು ಪೂರ್ತಿ ಓದುವ ವೈದ್ಯರು ಯಾರು? ಸ್ಪಷ್ಟ ಉತ್ತರ ಸಿಗದಿದ್ದರೆ, ಅಲ್ಲಿ ಕೊಡುವ ಪ್ರತಿ ಚೀಟಿಯನ್ನೂ ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿದ ಮೇಲೆಯೇ ಔಷಧಿ ಕೊಳ್ಳಿ.

ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವ ಬದಲು ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಬರೆಯುವಾಗ 25 ಮೈಕ್ರೋಗ್ರಾಂ 125 ಆಗಿಬಿಡಬಹುದು. ಮನೆಯಲ್ಲಿ ಕುಡಿಯುವ ಕಷಾಯ, ಡಬ್ಬಿಯ ಚೂರ್ಣ ಯಾವುದನ್ನೂ ಮುಚ್ಚಿಡಬೇಡಿ. ನಿದ್ದೆಗೆಂದು ಕೊಡುವ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಜ್ಯೇಷ್ಠಮಧುವನ್ನು ಬಹಳ ದಿನ ತೆಗೆದುಕೊಂಡರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಆಹಾರತಜ್ಞರು ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಹೇಳಿದರೆ, ಥೈರಾಯ್ಡ್ ಮಾತ್ರೆ ನುಂಗಿ 4 ಗಂಟೆಯಾದ ಮೇಲೆಯೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೆಳಗಿನ ಕಾಫಿಗೂ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಿ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಅದನ್ನೂ ಹೇಳಿ, ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿಗಳನ್ನು ಅದು ಕೆಡಿಸಬಲ್ಲದು.

ಆಸ್ಪಿರಿನ್ ವಿಷಯವನ್ನು ಫಿಸಿಯೋಥೆರಪಿಸ್ಟ್‌ಗೂ ನೀವೇ ಬಾಯಿಬಿಟ್ಟು ಹೇಳಬೇಕು. ಸೂಜಿ ಚುಚ್ಚುವ ಚಿಕಿತ್ಸೆ, ಕಪ್ಪಿಂಗ್ (ಬಟ್ಟಲು ಕವುಚಿ ಚರ್ಮ ಎಳೆಯುವುದು), ಗಟ್ಟಿಯಾಗಿ ಒತ್ತುವ ಮಾಲೀಶು ಇವುಗಳಿಂದ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಚರ್ಮದಡಿ ರಕ್ತ ಸೋರಿ ಕಪ್ಪುಗಟ್ಟುವುದು ಹೆಚ್ಚು. ಹಾಗೆಂದು ಆಸ್ಪಿರಿನ್ನನ್ನು ನೀವಾಗಿ ನಿಲ್ಲಿಸುವಂತಿಲ್ಲ. ಆ ಮಾತು ಅದನ್ನು ಬರೆದುಕೊಟ್ಟ ಡಾಕ್ಟರದು.

ಕತ್ತು, ಹೆಗಲು ಪರೀಕ್ಷೆಗೆ ಸಿಗುವಂಥ ಸಡಿಲ ಬಟ್ಟೆ ಹಾಕಿಕೊಳ್ಳಿ, ಹೊಟ್ಟೆಗೆ ಸ್ವಲ್ಪ ತಿಂದು ಹೋಗಿ. ಮೊದಲ ಭೇಟಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಕತ್ತು ಎಷ್ಟು ತಿರುಗುತ್ತದೆ, ಕೈಯ ಹಿಡಿತ ಹೇಗಿದೆ, ಬೆರಳು ಜೋಮು ಹಿಡಿಯುತ್ತದೆಯೇ ಎಂದು ನೋಡಬೇಕು, ಚಿಕ್ಕ ರಬ್ಬರ್ ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಬೇಕು. ಇದ್ಯಾವುದೂ ಇಲ್ಲದೆ ಐಎಫ್‌ಟಿ ಯಂತ್ರದ (ನೋವಿಗೆಂದು ಸಣ್ಣಗೆ ಕರೆಂಟ್ ಹಾಯಿಸುವ ಯಂತ್ರ) ಪ್ಯಾಡ್ ಅಂಟಿಸಿ 20 ನಿಮಿಷ ಮಲಗಿಸಿ ಕಳಿಸಿದರೆ, ಅಲ್ಲಿ ನಿಮ್ಮನ್ನು ಯಾರೂ ಪರೀಕ್ಷಿಸಿಲ್ಲ ಎಂದೇ ಅರ್ಥ. ಕತ್ತನ್ನು ಟಕ್ಕೆಂದು ತಿರುಗಿಸಲು ಬಂದರೆ ಬೇಡ ಅನ್ನಿ. ಅಪರೂಪಕ್ಕಾದರೂ ಅದರಿಂದ ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಿರುವುದುಂಟು.

ಕೈಯಲ್ಲಿ ಹಿಡಿದದ್ದು ಜಾರಿ ಬೀಳುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಈ ಕ್ಲಿನಿಕ್ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಎದೆ, ದವಡೆ, ತೋಳಿಗೆ ಹರಡುವ ನೋವಿನ ಜೊತೆ ಬೆವರಿದರೆ 108ಕ್ಕೆ ಕರೆ ಮಾಡಿ.

ಕಾಯುವಾಗ ಗೋಡೆ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ, ಶುಲ್ಕದ ಪಟ್ಟಿ ಎದ್ದು ಕಾಣುವಂತಿರಬೇಕು. ಫಿಸಿಯೋಥೆರಪಿಸ್ಟ್‌ಗೆ ಬಿಪಿಟಿ, ಆಯುರ್ವೇದ ವೈದ್ಯರಿಗೆ ಬಿಎಎಂಎಸ್ ಪದವಿ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕೇ ಬೇಕು.

ಪ್ಯಾಕೇಜಿಗೆ ಹಣ ಕಟ್ಟಬೇಡಿ. ಕತ್ತು ಮುಟ್ಟಿಯೂ ನೋಡದವರಿಗೆ 20 ಸಿಟಿಂಗ್ ಬೇಕೆಂದು ಹೇಗೆ ಗೊತ್ತಾಯಿತು? ಮೂರು ನಾಲ್ಕು ಸಿಟಿಂಗ್‌ಗೆ ಬಿಡಿಬಿಡಿಯಾಗಿ ಕೊಟ್ಟು, ಆಮೇಲೆ ಕತ್ತು ಮೊದಲಿಗಿಂತ ಎಷ್ಟು ತಿರುಗುತ್ತಿದೆ ಎಂದು ಅಳೆಸಿ ಮುಂದಿನದು ತೀರ್ಮಾನಿಸಿ. ವ್ಯಾಯಾಮದ ನಂತರ ಒಂದೆರಡು ದಿನ ಮೈಕೈ ನೋವು ಸಹಜ. ಜೋಮು ತೋಳಿಗೆ ಇಳಿದರೆ ನಿಲ್ಲಿಸಿ, ಫೋನ್ ಮಾಡಿ.

ಮಗಳು ಫಿಸಿಯೋಥೆರಪಿ, ಆಹಾರ ಸಲಹೆಯ ಕೋಣೆಗೆ ಧಾರಾಳವಾಗಿ ಬರಲಿ. ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರಿದ್ದರೆ ಒಳ್ಳೆಯದೇ. ಕೌನ್ಸೆಲಿಂಗ್‌ಗೆ ಮಾತ್ರ ನೀವೊಬ್ಬರೇ ಹೋಗಿ. ನಿದ್ದೆ ಕೆಡಿಸುತ್ತಿರುವ ಚಿಂತೆ ಮಗಳ ಬಗ್ಗೆಯೇ ಇದ್ದರೆ, ಅವಳೆದುರು ನೀವು ಅದನ್ನು ಹೇಳಲಾರಿರಿ.

— ಸಂಪಾದಕರು