‘ಅಭ್ಯಾಸ’ ಎಂದಷ್ಟೇ ಬರೆದಿದ್ದ ಪುಟ

ಸಂಗೀತವಾಗಲಿ, ಚಿತ್ರಕಲೆಯಾಗಲಿ, ಕಲಿಸುವ ಕೆಲಸ ಹಿಡಿದ ಕಲಾವಿದರು ಒಂದೇ ಕೊರಗನ್ನು ಹೊತ್ತು ಮತ್ತೆ ಮತ್ತೆ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿಗೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು ಬೆಂಗಳೂರಿನ ಜಾಝ್ ಪಿಯಾನೊ ವಾದಕರು, ಸ್ವರ ಸಂಯೋಜಕರು. ಹಗಲು ಶಾಲೆಯಲ್ಲಿ ಸಂಗೀತ ಪಾಠ, ಸಂಜೆ ಗ್ರೇಡ್ ಪರೀಕ್ಷೆಯ ಟ್ಯೂಷನ್, ತಿಂಗಳಿಗೊಮ್ಮೆ ಮನೆಸಾಲದ ಕಂತು. ನಿದ್ದೆ ಕೆಟ್ಟಿತ್ತು. ರಾಜೀನಾಮೆ ಪತ್ರವನ್ನು ಬರೆದಿಟ್ಟುಕೊಂಡೇ ಬಂದಿದ್ದರು. “ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕೂರಲಿಲ್ಲ ಮೇಡಂ. ನಾಗಸ್ವರ ಕಲಿತರು, ನಮ್ಮೂರಿನ ತಾಳವಾದ್ಯ ತಂಡ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಧ್ವನಿಮುದ್ರಿಸಿದರು. ನಾನು ಬರೀ ಮೇಷ್ಟ್ರಾಗಿ ಉಳಿದೆ” ಎಂದರು.

ಮೂರನೆಯ ಭೇಟಿಗೆ ಅವರ ಸ್ವರಲಿಪಿಯ ಪುಸ್ತಕವನ್ನು ತರಹೇಳಿದ್ದೆ. ನನಗೆ ಆ ಲಿಪಿ ಓದಲು ಬಾರದು. ಪ್ರತಿ ಪುಟವನ್ನೂ ಅವರೇ ವಿವರಿಸಬೇಕಾಯಿತು. ಒಂದು ಪುಟವನ್ನು ಮಾತ್ರ “ಇದೇನೂ ಅಲ್ಲ, ಪಾಠದ್ದು” ಎಂದು ಮಗುಚಿದರು. ಒತ್ತಾಯಿಸಿದ ಮೇಲೆ ಹೇಳಿದರು: ಒಬ್ಬ ಪುಟ್ಟ ಹುಡುಗಿಯ ಎಡಗೈ ಬೆರಳುಗಳು ಒಟ್ಟಿಗೆ ಒತ್ತಬೇಕಾದ ಸ್ವರಗಳಷ್ಟು ಅಗಲ ಚಾಚುತ್ತಿರಲಿಲ್ಲವಾದ್ದರಿಂದ ಕೆಳಗಿನ ಸ್ವರವನ್ನು ಮೊದಲು ನುಡಿಸಿ, ಉಳಿದ ಸ್ವರಗಳನ್ನು ಒಂದು ಅಕ್ಷರ ತಡವಾಗಿ ಸೇರಿಸುವಂತೆ ಮಿಶ್ರಛಾಪು ತಾಳದ ಏಳು ಅಕ್ಷರಗಳಲ್ಲಿ ಅದನ್ನು ಬರೆದಿದ್ದರು. ‘ತಕಿಟ ತಕಧಿಮಿ’ ಎಂದು ನನ್ನ ಮೇಜನ್ನು ತಟ್ಟಿ, ಆ ತಡವೇ ರಾಗಕ್ಕೆ ಬಳುಕು ಕೊಡುವುದನ್ನು ತೋರಿಸಿದರು. ಆ ಹುಡುಗಿ ಇಲ್ಲದಿದ್ದರೆ ಇದು ಹುಟ್ಟುತ್ತಿತ್ತೇ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, “ಇಲ್ಲ. ಆದರೆ ಇದಕ್ಕೆ ನಾನು ಹೆಸರೇ ಇಟ್ಟಿಲ್ಲ ಮೇಡಂ, ಮೇಲೆ ‘ಅಭ್ಯಾಸ’ ಅಂತಷ್ಟೇ ಬರೆದಿದ್ದೇನೆ” ಎಂದರು.

ನನ್ನ ಸಲಹೆ ಇಷ್ಟು: ರಾಜೀನಾಮೆಯನ್ನು ಒಂದು ವರ್ಷ ತಡೆಹಿಡಿಯಿರಿ, ಎರಡು ಸಂಜೆಗಳ ಟ್ಯೂಷನ್ ಬಿಡಿ, ಆ ಹೊತ್ತಿನಲ್ಲಿ ಇಂಥ ಪುಟಗಳನ್ನು ಪೂರ್ಣಗೊಳಿಸಿ, ಹೆಸರಿಟ್ಟು, ಜೊತೆಗಾರರೊಂದಿಗೆ ಜನರೆದುರು ನುಡಿಸಿ.

ಕನಸಿನ ರೆಕ್ಕೆ ಕತ್ತರಿಸಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟ ಮನುಷ್ಯ ಹಿಂದಿರುಗಲಾಗದ ನಿರ್ಧಾರ ಮಾಡಬಾರದು, ಮೇಲಾಗಿ ಹೋಟೆಲಿನ ಸಂಗೀತ ಕಚೇರಿಗಳ ಸಂಭಾವನೆಯನ್ನು ನಂಬಿ ಕಂತು ಕಟ್ಟಲಾಗದು. ಹಾಗೆಂದು ಬೋಧನೆ ಪವಿತ್ರ ವೃತ್ತಿ, ತೃಪ್ತಿಪಡಿ ಎಂದೂ ನಾನು ಹೇಳಲಿಲ್ಲ. ಸಂಯೋಜಕನಿಗೆ ಅದು ಅವಮಾನ. 1940ರ ದಶಕದಲ್ಲಿ ಥೆಲೋನಿಯಸ್ ಮಾಂಕ್, ಬಡ್ ಪೊವೆಲ್‌ರಂಥ ಕಿರಿಯ ಜಾಝ್ ವಾದಕರಿಗೆ ನ್ಯೂಯಾರ್ಕಿನ ಹಾರ್ಲೆಮ್ಮಿನ ತಮ್ಮ ಮನೆಯನ್ನೇ ತೆರೆದಿಟ್ಟಿದ್ದ ಪಿಯಾನೊ ವಾದಕಿ, ಸಂಯೋಜಕಿ ಮೇರಿ ಲೂ ವಿಲಿಯಮ್ಸ್, 1977ರಿಂದ 1981ರಲ್ಲಿ ತೀರಿಕೊಳ್ಳುವವರೆಗೂ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅವರನ್ನು ಯಾರೂ ಬರೀ ಮೇಷ್ಟ್ರೆನ್ನುವುದಿಲ್ಲ. ಇದು ನನ್ನ ಬಳಿ ಬಂದ ಈ ವಾದಕರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಇಲ್ಲದಿದ್ದದ್ದು ಸಂಜೆಗಳು.

ಟ್ಯೂಷನ್ ಬಿಟ್ಟ ಮೇಲೆ ಕಂತಿಗೆ ಬಿಗಿಯಾಗಿದೆ ಎಂದು ಅವರ ಪತ್ನಿ ಫೋನ್ ಮಾಡಿದ್ದರು; ಮುಂದಿನ ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಬರಹೇಳಿದ್ದೇನೆ.